ರಾಯಚೂರಿನ ಹಳೇ ಮನೆ, ಹೊಸ ಲೈಟು: ಟೆಸ್ಟರಿನಿಂದ ಮೆಗ್ಗರ್‌ವರೆಗೆ ಯಾವುದಕ್ಕೆ ದುಡ್ಡು ಹಾಕಬೇಕು

ಲೈಟಿನ ಅಂಗಡಿಯ ಕೌಂಟರಿನಲ್ಲಿ ದಿನಾ ಕೇಳಿಬರುವ ಮಾತು ಇದು: "ನಮ್ಮನಿ ವೈರಿಂಗ್ ಭಾಳ ಹಳೇದ್ರಿ, ಈ ಲೈಟು ತಡೀತದೇನು?" ಅನುಮಾನ ಸರಿಯೇ, ಆದರೆ ಭಾರದ ಬಗ್ಗೆ ಅನುಮಾನ ಬೇಡ. 60 ವ್ಯಾಟಿನ ಹಳೇ ಗಾಜಿನ ಬಲ್ಬು 230 ವೋಲ್ಟಿನಲ್ಲಿ 0.26 ಆಂಪ್ ಎಳೆಯುತ್ತಿತ್ತು. ಈಗಿನ 9 ವ್ಯಾಟಿನ ಎಲ್‌ಇಡಿ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.5 ಅಂತ ಕಳಪೆಯದನ್ನೇ ಹಿಡಿದರೂ, 0.08 ಆಂಪಿನ ಆಸುಪಾಸು. ಹತ್ತು ಪಾಯಿಂಟಿನ ಸರ್ಕ್ಯೂಟು ಎರಡೂವರೆ ಆಂಪಿನಿಂದ ಮುಕ್ಕಾಲು ಆಂಪಿಗೆ ಇಳಿದಂತಾಯಿತು. ನಲವತ್ತು ವರ್ಷದ ವೈರಿಗೆ ಇದು ರಿಟೈರ್‌ಮೆಂಟ್ ಸಿಕ್ಕ ಹಾಗೆ.

ಸೋಲುವುದು ಬೇರೆ ಮೂರು ಕಡೆ. ಹೋಲ್ಡರಿನ ಹತ್ತಿರ ಬೆಂದುಹೋದ ವೈರಿನ ತುದಿ, ಎಲ್ಲೋ ಸಡಿಲಾದ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು), ಮತ್ತು ಇಲ್ಲದೇ ಇರುವ ಅಥವಾ ಇದ್ದೂ ಇಲ್ಲದ ಅರ್ಥಿಂಗ್. ಮಾರುಕಟ್ಟೆಯಲ್ಲಿ ಸಿಗುವ ಉಪಕರಣಗಳಲ್ಲಿ ಈ ಮೂರರ ಬಗ್ಗೆ ನಿಜ ಹೇಳುವವು ಯಾವುವು, ಸುಳ್ಳು ಹೇಳುವವು ಯಾವುವು, ಅದಾದ ಮೇಲೆ ಯಾವ ಲೈಟು ಹಳೇ ಮನೆಗೆ ಕೂಡುತ್ತದೆ ಅನ್ನುವುದಷ್ಟೇ ಈ ವಿಮರ್ಶೆ.

ಮೊದಲು ಗೋಡೆಯಲ್ಲಿ ಏನಿದೆ ನೋಡಿ

ಚೌಕಿಗೇ ತೀನ್ ಕಂದೀಲ್ ಅಂತ ದೀಪದ ಹೆಸರಿಟ್ಟುಕೊಂಡ ಊರಿದು. ಇಲ್ಲಿನ ಹಳೇ ಓಣಿಗಳಲ್ಲಿ ಒಂದೇ ಮನೆಯೊಳಗೆ ಮೂರು ಕಾಲದ ವೈರಿಂಗ್ ಸಿಗುವುದೂ ಉಂಟು. ಪಡಸಾಲೆಯಲ್ಲಿ ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ವೈರು, ಮಾಳಿಗೆಯ ಜಂತಿ ಪಕ್ಕದಲ್ಲಿ ಮರದ ಕೇಸಿಂಗ್, ಹಿಂದೆ ಕಟ್ಟಿದ ಆರ್‌ಸಿಸಿ ಕೋಣೆಯಲ್ಲಿ ಗಿಲಾವಿನೊಳಗೆ ಹೂತ ಪೈಪು. ಮೂರಕ್ಕೂ ಒಂದೇ ತೀರ್ಪು ಕೊಡಲು ಬರುವುದಿಲ್ಲ. ಕೋಣೆ ಕೋಣೆಗೂ ಬೇರೆ ಬೇರೆ ನೋಡಬೇಕು.

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಿ ಅದರ ಪ್ಲಗ್ ಮತ್ತು ಔಟ್‌ಪುಟ್ ಎರಡನ್ನೂ ತೆಗೆಯಿರಿ. ಇನ್ವರ್ಟರನ್ನು ಮರೆಯುವವರೇ ಹೆಚ್ಚು. ಮೇನ್ ಆಫ್ ಆದ ತಕ್ಷಣ ಇನ್ವರ್ಟರಿಗೆ ಅದು ಕರೆಂಟ್ ಹೋದ ಲೆಕ್ಕ, ಹಾಗಾಗಿ ಲೈಟಿನ ಲೈನಿಗೆ ತಾನೇ 230 ವೋಲ್ಟ್ ತುಂಬುತ್ತದೆ.

ಆಮೇಲೆ ಒಂದು ಸೀಲಿಂಗ್ ರೋಸ್ (ಛತ್ತಿನಲ್ಲಿ ಲೈಟಿನ ವೈರು ಸೇರುವ ಗುಂಡನೆ ಡಬ್ಬಿ) ಬಿಚ್ಚಿ ವೈರಿನ ತುದಿ ನೋಡಿ. ಒಂದೇ ಎಳೆಯ ತಾಮ್ರ, ದಪ್ಪ 1.2 ಮಿ.ಮೀ ಆಸುಪಾಸು ಇದ್ದರೆ ಅದು ಹಳಬರು ಹೇಳುವ 1/18 (18 ಗೇಜಿನ ಒಂದು ಎಳೆ), ಅಂದರೆ ಹೆಚ್ಚುಕಡಿಮೆ 1.2 ಚದರ ಮಿ.ಮೀ. ಮೂರು ಎಳೆಯ 3/20 ಸುಮಾರು 2 ಚದರ ಮಿ.ಮೀ. ಎಲ್‌ಇಡಿ ಲೈಟಿಗೆ ಎರಡೂ ಧಾರಾಳ ಸಾಕು. ಬಣ್ಣ ಕೆಂಪಗಿದೆಯೋ ಹಳದಿಯೋ ಅನ್ನುವುದು ಮುಖ್ಯವಲ್ಲ. ಚಾಕುವಿನಿಂದ ಮೆಲ್ಲಗೆ ಕೆರೆದಾಗ ಬೆಳ್ಳಗೆ ಹೊಳೆದರೆ ಮಾತ್ರ ಅಲ್ಲಿಗೇ ನಿಲ್ಲಿ, ಅದು ಅಲ್ಯೂಮಿನಿಯಂ ಇರಬಹುದು. ತವರ ಬಳಿದ ತಾಮ್ರವೂ ಮೊದಲು ಬೆಳ್ಳಗೇ ಕಾಣುತ್ತದೆ, ಇನ್ನೊಂದಿಷ್ಟು ಕೆರೆದರೆ ಕೆಂಪು ಬರುತ್ತದೆ. ಕೊನೆತನಕ ಬಿಳಿಯಾಗೇ ಉಳಿದು, ನಾಲ್ಕು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟಕ್ಕನೆ ಮುರಿದರೆ ಅಲ್ಯೂಮಿನಿಯಂ ಅಂತ ಬರೆದಿಡಿ.

ಇನ್ನು ಮೇಲಿನ ಹೊದಿಕೆ. ಹಿಂದೆ 100 ವ್ಯಾಟಿನ ಬಲ್ಬು ತೂಗುತ್ತಿದ್ದ ಕಡೆ ಹೋಲ್ಡರಿನಿಂದ ಒಂದು ಗೇಣು ಉದ್ದಕ್ಕೆ ಪಿವಿಸಿ ಬಿಸ್ಕತ್ತಿನಂತಾಗಿರುತ್ತದೆ. ಉಗುರಿನಲ್ಲಿ ಒತ್ತಿದರೆ ಪುಡಿ, ಬಗ್ಗಿಸಿದರೆ ಬಿರುಕು. ಅದೇ ವೈರು ಪೈಪಿನೊಳಗೆ ಒಂದಡಿ ಹಿಂದಕ್ಕೆ ಹೋದರೆ ಮೆತ್ತಗೆ ಹೊಸದರ ಹಾಗೇ ಇರುತ್ತದೆ. ಹಾಗಾಗಿ ತುದಿ ನೋಡಿ "ಇಡೀ ಮನೆ ರೀವೈರಿಂಗ್ ಮಾಡಬೇಕ್ರಿ" ಅನ್ನುವವನ ಮಾತನ್ನೂ, ಬೋರ್ಡಿನೊಳಗೆ ಇಣುಕಿ "ಏನೂ ಆಗಿಲ್ಲ, ಗಟ್ಟಿ ಐತಿ" ಅನ್ನುವವನ ಮಾತನ್ನೂ ಅರ್ಧರ್ಧವೇ ನಂಬಬೇಕು. ಬಟ್ಟೆ ಸುತ್ತಿದ ಹಳೇ ರಬ್ಬರ್ ವೈರು ಸಿಕ್ಕರೆ ಮಾತ್ರ ಚರ್ಚೆ ಇಲ್ಲ. ಅದನ್ನು ಮುಟ್ಟಿದರೆ ಉದುರುತ್ತದೆ, ಮುಟ್ಟದಿದ್ದರೂ ಇವತ್ತಲ್ಲ ನಾಳೆ ಉದುರುತ್ತದೆ. ಬದಲಿಸಿ.

ನಿಯಾನ್ ಟೆಸ್ಟರ್: ಐವತ್ತು ನೂರು ರೂಪಾಯಿಗೆ ಅಷ್ಟೇ ಕೆಲಸ

ಮನೆಮನೆಯಲ್ಲೂ ಇರುವ ಸ್ಕ್ರೂಡ್ರೈವರ್ ಟೆಸ್ಟರ್ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ: ಇಲ್ಲಿ ಫೇಸ್, ಅಂದರೆ ಕರೆಂಟು ಬರುವ ವೈರು, ಇದೆಯೇ. ಅದನ್ನೂ ಪೂರ್ತಿ ಅಲ್ಲ. ಒಣ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಮಂಕಾಗಿ ಉರಿಯುತ್ತದೆ, ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ನಂಬಿ ಕೈ ಹಾಕುವುದು ಇದರ ಅತಿ ಕೆಟ್ಟ ಬಳಕೆ.

ಒಂದು ವಿಷಯದಲ್ಲಿ ಮಾತ್ರ ಇದು ದುಬಾರಿ ಮೀಟರಿಗಿಂತ ಬೇಗ ಸುಳಿವು ಕೊಡುತ್ತದೆ. ಬಟನ್ ಆನ್ ಇದ್ದು, ಲೈಟು ಹತ್ತದೆ, ಹೋಲ್ಡರಿನ ಎರಡೂ ಪಿನ್ನಿನಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ. ಅದೇ ಸಾಲಿನ ಇನ್ನೊಂದು ಬಲ್ಬಿನ ಮೂಲಕ ಫೇಸ್ ಹಾದು ನ್ಯೂಟ್ರಲ್ ವೈರಿನಲ್ಲಿ ಬಂದು ಕೂತಿರುತ್ತದೆ.

ಎಲ್‌ಇಡಿ ಬಂದ ಮೇಲೆ ಬಹಳ ಮನೆಗಳಲ್ಲಿ ಬಯಲಾದ ಒಂದು ಹಳೇ ತಪ್ಪನ್ನೂ ಇದು ತೋರಿಸುತ್ತದೆ. ಬಟನ್ ಆಫ್ ಮಾಡಿದರೂ ರಾತ್ರಿ ಬಲ್ಬು ಮಿಣುಕು ಮಿಣುಕು ಅನ್ನುತ್ತದೆಯೇ? ಆಫ್ ಇಟ್ಟು ಹೋಲ್ಡರಿನಲ್ಲಿ ಟೆಸ್ಟರ್ ಹಚ್ಚಿ. ಜೋರಾಗಿ ಉರಿದರೆ ಬಟನ್ ನ್ಯೂಟ್ರಲಿಗೆ ಬಿದ್ದಿದೆ, ಫೇಸ್ ಸದಾ ದೀಪದಲ್ಲೇ ನಿಂತಿದೆ. ಹಳೇ ಬಲ್ಬಿಗೆ ಇದು ಗೊತ್ತಾಗುತ್ತಿರಲಿಲ್ಲ, ಎಲ್‌ಇಡಿಗೆ ಒಂದು ಹನಿ ಕರೆಂಟೂ ಸಾಕು. ಬೋರ್ಡಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲು ಸರಿಮಾಡಿದರೆ ಮಿಣುಕು ನಿಲ್ಲುತ್ತದೆ. ಮಂಕಾಗಿ ಮಾತ್ರ ಉರಿದರೆ ಬಟನ್ನಿನೊಳಗಿನ ಕೆಂಪು ಇಂಡಿಕೇಟರೋ, ಮೆಟ್ಟಿಲಿನ ಟೂ-ವೇ ಬಟನ್ನಿನ ಉದ್ದನೆಯ ಜೋಡಿ ವೈರೋ ಕಾರಣ. ಅದರಿಂದ ಅಪಾಯವಿಲ್ಲ, ನಿದ್ದೆಗೆ ಕಿರಿಕಿರಿ ಅಷ್ಟೇ.

ಮಲ್ಟಿಮೀಟರ್, ಜೊತೆಗೆ ಒಂದು ಗಾಜಿನ ಬಲ್ಬು

ಐನೂರರಿಂದ ಸಾವಿರ ರೂಪಾಯಿಯೊಳಗಿನ ಸಾದಾ ಡಿಜಿಟಲ್ ಮಲ್ಟಿಮೀಟರ್ ಮನೆ ಕೆಲಸಕ್ಕೆ ಸಾಕು, ಷರತ್ತು ಒಂದೇ. ಮುಖದ ಮೇಲೆ ಸುರಕ್ಷತೆಯ ದರ್ಜೆ ಕ್ಯಾಟ್-3 300 ವೋಲ್ಟ್, ಆಗದಿದ್ದರೆ ಕೊನೆಪಕ್ಷ ಕ್ಯಾಟ್-2 600 ವೋಲ್ಟ್ ಅಂತ ಬರೆದಿರಬೇಕು, ಪ್ರೋಬಿನ ವೈರು ದಪ್ಪಗಿರಬೇಕು. ಬಸ್‌ಸ್ಟ್ಯಾಂಡಿನ ಎದುರು ಸಿಗುವ ಹಳದಿ ಚಿಕ್ಕ ಮೀಟರುಗಳ ಪ್ರೋಬು ಬೆಸುಗೆಯ ಹತ್ತಿರ ತಾನಾಗಿ ಕಿತ್ತು ಕೈಗೆ ಬರುತ್ತದೆ. ಅದನ್ನು 230 ವೋಲ್ಟಿಗೆ ಹಚ್ಚಬೇಡಿ.

ಸಾಕೆಟ್ಟಿನಲ್ಲಿ ಮೂರು ಓದು ತೆಗೆಯಿರಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು. ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟು. ಇದರಲ್ಲಿ ಮೂರನೆಯದು ಬಹಳ ಮಾತಾಡುತ್ತದೆ. 20, 40, 80 ಅಂತ ಬಂದರೆ ಅರ್ಥ್ ವೈರು ಎಲ್ಲೂ ಸೇರಿಲ್ಲ, ಗಾಳಿಯಲ್ಲಿ ತೇಲುತ್ತಿದೆ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಮೋಟರ್ ಎಲ್ಲ ಓಡುತ್ತಿದ್ದರೂ ಸೊನ್ನೆಯಿಂದ ಅಲುಗದಿದ್ದರೆ ಇನ್ನೂ ಕೆಟ್ಟ ಸುದ್ದಿ: ಯಾರೋ ಸಾಕೆಟ್ಟಿನ ಹಿಂದೆ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಚಿಕ್ಕ ವೈರಿನಿಂದ ಜೋಡಿಸಿದ್ದಾರೆ. ಹೀಗೆ ಮಾಡಿದ ಮನೆಯಲ್ಲಿ ನ್ಯೂಟ್ರಲ್ ಕಡಿದ ಕ್ಷಣ ಲೋಹದ ಲೈಟಿನ ಮೈಮೇಲೆ ಪೂರ್ತಿ ಫೇಸ್ ಬರುತ್ತದೆ. ಈ ಜಾಣತನ ಕಂಡ ತಕ್ಷಣ ಕಿತ್ತುಹಾಕಿ.

ಮೀಟರಿನ ದೋಷ ಅದರ ಸೂಕ್ಷ್ಮತೆಯೇ. ಎಲ್ಲೂ ಸೇರದ ವೈರು ಪಕ್ಕದ ಫೇಸ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹತ್ತು ಮೀಟರ್ ಓಡಿದ್ದರೆ ಅದರಲ್ಲೂ 60, 90 ವೋಲ್ಟ್ ತೋರಿಸುತ್ತದೆ. ಇದು ಭೂತದ ವೋಲ್ಟೇಜು, ಹಿಂದೆ ಬಲ ಇರುವುದಿಲ್ಲ. ಅದನ್ನು ಬಿಡಿಸಲು ಹಳೇ ಮೇಸ್ತ್ರಿಗಳ ಟೆಸ್ಟ್ ಲ್ಯಾಂಪೇ ಬೇಕು: ಒಂದು ಹೋಲ್ಡರು, 100 ವ್ಯಾಟಿನ ಗಾಜಿನ ಬಲ್ಬು, ಎರಡು ಮೀಟರ್ ವೈರು, ತುದಿಯಲ್ಲಿ ಹೊದಿಕೆಯಿರುವ ಪಿನ್ನು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಅದು ಭೂತಕ್ಕೂ ಮಿಣುಕುತ್ತದೆ, ಬರೀ 120 ವೋಲ್ಟ್ ಬಂದರೂ ಝಗಮಗ ಉರಿದು ಎಲ್ಲ ಸರಿಯಿದೆ ಅನ್ನುತ್ತದೆ.

ಮೀಟರು ಮತ್ತು ಬಲ್ಬು ಒಟ್ಟಿಗೆ ಇದ್ದಾಗ ಇನ್ನೆರಡು ಪರೀಕ್ಷೆ ಸಾಧ್ಯ. ಸಡಿಲ ಜಾಯಿಂಟ್ ಹುಡುಕಲು ಹೋಲ್ಡರಿನಲ್ಲಿ 200 ವ್ಯಾಟ್ ಭಾರ ಹಾಕಿ, ಭಾರಕ್ಕೆ ಮುಂಚೆ ಮತ್ತು ಭಾರ ಹಾಕಿದ ಮೇಲೆ ವೋಲ್ಟೇಜು ಅಳೆಯಿರಿ. 20 ಮೀಟರ್ ದೂರದ 1.5 ಚದರ ಮಿ.ಮೀ ತಾಮ್ರದಲ್ಲಿ ಬೀಳಬೇಕಾದ್ದು ಅರ್ಧ ವೋಲ್ಟು ಅಷ್ಟೇ. ಐದಾರು ವೋಲ್ಟು ಬಿದ್ದರೆ ನಡುವೆ ಎಲ್ಲೋ ಜಾಯಿಂಟ್ ಕಪ್ಪಾಗಿದೆ. ಲೈನಿನ ವೋಲ್ಟೇಜೇ ಕುಣಿಯುತ್ತಿರುತ್ತದೆ, ಆದ್ದರಿಂದ ಮೂರು ಸಲ ಮಾಡಿ.

ಅರ್ಥಿಂಗಿಗೆ, 100 ವ್ಯಾಟಿನ ಬಲ್ಬನ್ನು ಫೇಸ್ ಮತ್ತು ಅರ್ಥ್ ನಡುವೆ ಹಚ್ಚಿ, ಬಲ್ಬಿನ ಎರಡೂ ತುದಿಯಲ್ಲಿ ಮೀಟರ್ ಇಡಿ. ಬಲ್ಬಿಲ್ಲದಾಗ 230 ಇದ್ದದ್ದು ಬಲ್ಬು ಹತ್ತಿದಾಗ 220ಕ್ಕಿಂತ ಕೆಳಗೆ ಬಂದರೆ ಅರ್ಥಿನ ದಾರಿಯಲ್ಲಿ 20 ಓಮಿಗಿಂತ ಹೆಚ್ಚು ಕೂತಿದೆ. ಬರೀ ಬೆಳಕು ನೋಡಿ ತೀರ್ಮಾನ ಮಾಡಬೇಡಿ, 60 ಓಮಿನ ಹಾಳು ಅರ್ಥಿನಲ್ಲೂ ಬಲ್ಬು ಚೆನ್ನಾಗೇ ಉರಿದಂತೆ ಕಾಣುತ್ತದೆ. ಎಚ್ಚರಿಕೆ ಎರಡು. ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇರುವ ಮನೆಯಲ್ಲಿ ಅದು ತಕ್ಷಣ ಟ್ರಿಪ್ ಆಗುತ್ತದೆ, ಆಗಲೇಬೇಕು. ಅರ್ಥ್ ಕಡಿದ ಮನೆಯಲ್ಲಿ ಈ ಪರೀಕ್ಷೆ ನಡೆಯುವಷ್ಟು ಹೊತ್ತು ಫ್ರಿಜ್ಜು, ಗ್ರೈಂಡರ್, ಗೀಸರಿನ ಮೈಗೆ ಫೇಸ್ ಬರುತ್ತದೆ. ಮನೆಯವರನ್ನು ಆಚೆ ನಿಲ್ಲಿಸಿ, ಎರಡು ಸೆಕೆಂಡಿನಲ್ಲಿ ಮುಗಿಸಿ. ಕೈ ಪಳಗದವರು ಇದಕ್ಕೆ ಹೋಗಬೇಡಿ, ಲೈಸೆನ್ಸ್ ಇರುವ ಮೇಸ್ತ್ರಿಯಿಂದ ಮಾಡಿಸಿ.

500 ವೋಲ್ಟಿನ ಮೆಗ್ಗರ್: ಕೊಳ್ಳಬೇಡಿ, ಬಾಡಿಗೆಗೆ ತರಿಸಿ

ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಇನ್ಸುಲೇಷನ್ ನೋಡಿ "ಓಪನ್ ಐತ್ರಿ, ಚಲೋ ಐತಿ" ಅನ್ನುವವರಿದ್ದಾರೆ. ಒಂಬತ್ತು ವೋಲ್ಟಿನ ಬ್ಯಾಟರಿಗೆ ಚಲೋ ಕಂಡದ್ದು 230ರ ಕೆಳಗೆ ಹಾಗೇ ಇರುವುದಿಲ್ಲ. 500 ವೋಲ್ಟ್ ಡಿಸಿ ಹಾಕಿ ನೋಡುವ ಇನ್ಸುಲೇಷನ್ ಟೆಸ್ಟರೇ ಬೇಕು. ನಮ್ಮಲ್ಲಿ ಎಲ್ಲದಕ್ಕೂ ಮೆಗ್ಗರ್ ಅಂತಲೇ ಹೆಸರು. ಕೈಯಲ್ಲಿ ತಿರುಗಿಸುವ ಹಳೇ ಪೆಟ್ಟಿಗೆಯೂ, ಬ್ಯಾಟರಿಯ ಡಿಜಿಟಲ್ ಮೀಟರೂ ಮನೆ ಮಟ್ಟಕ್ಕೆ ಒಂದೇ ಉತ್ತರ ಕೊಡುತ್ತವೆ. ಡಿಜಿಟಲ್‌ನಲ್ಲಿ ಎರಡು ಅನುಕೂಲ: 250 ವೋಲ್ಟಿನ ರೇಂಜು, ಮತ್ತು ಪರೀಕ್ಷೆ ಮುಗಿದಾಗ ವೈರಿನಲ್ಲಿ ಉಳಿದ ಚಾರ್ಜನ್ನು ತಾನೇ ಇಳಿಸುವುದು. ಬೆಲೆ ಕೆಲವು ಸಾವಿರ. ಹತ್ತು ವರ್ಷಕ್ಕೊಮ್ಮೆ ಬಳಸುವ ಮನೆಯವರಿಗೆ ಇದು ಕೊಳ್ಳುವ ವಸ್ತುವಲ್ಲ. ದಿನಾ ಇದೇ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಮಾತ್ರ ಇದಿಲ್ಲದೆ ರೀವೈರಿಂಗ್ ಎಸ್ಟಿಮೇಟ್ ಬರೆಯಬಾರದು. "ಮೆಗ್ಗರ್ ಓದು ಎಷ್ಟು ಬಂತು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಎಸ್ಟಿಮೇಟೂ ಅಂದಾಜೇ.

ಸರಿಯಾಗಿ ಮಾಡುವ ಕ್ರಮ ಹೀಗೆ. ಮೇನ್, ಇನ್ವರ್ಟರ್ ಎರಡೂ ಬೇರೆಯಾಗಿರಬೇಕು. ಎಲ್ಲ ಬಲ್ಬು, ಟ್ಯೂಬು, ಪ್ಯಾನೆಲ್ಲು ಕಳಚಿ. ಫ್ಯಾನುಗಳನ್ನು ಸೀಲಿಂಗ್ ರೋಸಿನಲ್ಲಿ ಬಿಡಿಸಿ. ಸೊಳ್ಳೆ ಮಷೀನು, ಚಾರ್ಜರು, ಕಾಲಿಂಗ್ ಬೆಲ್ಲು ಸಾಕೆಟ್ಟಿನಿಂದ ಹೊರಗೆ. ಆಮೇಲೆ ಎಲ್ಲ ಬಟನ್ ಆನ್ ಮಾಡಿ. ಇದನ್ನು ಮರೆತರೆ ಪರೀಕ್ಷೆ ಬೋರ್ಡಿನವರೆಗೆ ಬಂದು ನಿಲ್ಲುತ್ತದೆ, ಬಟನ್ನಿನಿಂದ ದೀಪದವರೆಗಿನ ವೈರು, ಅಂದರೆ ಬೆಂದಿರುವ ಭಾಗವೇ, ಪರೀಕ್ಷೆಗೆ ಸಿಗುವುದಿಲ್ಲ. ಫ್ಯೂಸ್ ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ ಒಂದು ಪ್ರೋಬು, ಅರ್ಥಿಗೆ ಇನ್ನೊಂದು. ಒಂದು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಎರಡನ್ನೂ ಬಿಡಿಸಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಮತ್ತೊಮ್ಮೆ.

ಒಂದು ಮೆಗಾಓಮ್ ಕನಿಷ್ಠ ಗೆರೆ. ಹೊಸ ವೈರಿಂಗು ನೂರಾರು ಮೆಗಾಓಮ್ ಕೊಡುತ್ತದೆ. ಹಳೇ ಪಿವಿಸಿ ಒಣಗಿದ್ದರೆ ಹತ್ತು ಇಪ್ಪತ್ತು ಬಂದೀತು, ನೆಮ್ಮದಿಯಿಂದ ಮುಂದಕ್ಕೆ ಹೋಗಬಹುದು. ಒಂದರಿಂದ ಐದರ ನಡುವೆ ಬಂದರೆ ಜಂಕ್ಷನ್ ಬಾಕ್ಸಿನಲ್ಲಿ ಅರ್ಧ ಸಾಲು ಬಿಡಿಸಿ ಮತ್ತೆ ಅಳೆಯಿರಿ. ಕೆಟ್ಟ ಅರ್ಧ ಯಾವುದು ಗೊತ್ತಾದ ಮೇಲೆ ಅದನ್ನೂ ಅರ್ಧ ಮಾಡಿ. ಮೂರ್ನಾಲ್ಕು ಸಲದಲ್ಲಿ ಕೆಟ್ಟ ಪಾಯಿಂಟ್ ಕೈಗೆ ಸಿಗುತ್ತದೆ, ಬಹಳ ಸಲ ಬಚ್ಚಲುಮನೆಯದೋ ಹೊರಗಿನ ಕಟ್ಟೆಯ ಮೇಲಿನದೋ ಆಗಿರುತ್ತದೆ. ಇಡೀ ಮನೆಯ ಗೋಡೆ ಕೊರೆಯುವುದು ಇದರಿಂದ ತಪ್ಪುತ್ತದೆ.

ಮೆಗ್ಗರಿಗೂ ಕಣ್ಣು ಕಟ್ಟುವ ಜಾಗಗಳಿವೆ. ಫೇಸ್-ನ್ಯೂಟ್ರಲ್ ನಡುವೆ 0.2 ಮೆಗಾಓಮ್ ಸುತ್ತ ಬಂದು ಅಲ್ಲಾಡದೆ ನಿಂತರೆ ವೈರನ್ನು ಬೈಯುವ ಮೊದಲು ಬೋರ್ಡಿನ ಕೆಂಪು ಇಂಡಿಕೇಟರ್ ಕಿತ್ತು ನೋಡಿ. ಅದರೊಳಗಿನ ರೆಸಿಸ್ಟರೇ ಆ ಓದು. ಒಂದು ಎಲ್‌ಇಡಿ ಲೈಟು ಕಳಚದೆ ಉಳಿದಿದ್ದರೂ ಹಾಗೇ: ಅದರ ಡ್ರೈವರಿನಲ್ಲಿ (ದೀಪಕ್ಕೆ ಬೇಕಾದಷ್ಟೇ ಕರೆಂಟು ಕೊಡುವ ಸರ್ಕ್ಯೂಟು) ಸರ್ಜ್, ಅಂದರೆ ದಿಢೀರನೆ ಏರುವ ವೋಲ್ಟೇಜು, ತಡೆಯಲು ಇಟ್ಟ ಭಾಗ 500 ವೋಲ್ಟ್ ಡಿಸಿಗೆ ತಾನೇ ಬಾಗಿಲು ತೆರೆಯುತ್ತದೆ. ಓದು ಸುಳ್ಳಾಗುವುದಲ್ಲದೆ ಹೊಸ ಲೈಟೂ ಹಾಳಾಗಬಹುದು. ಹೊಸ ಲೈಟು ಕೂರಿಸಿದ ಮೇಲೆ ಮೆಗ್ಗರ್ ಮಾಡಲು ಬಂದವನನ್ನು ವಾಪಸ್ ಕಳಿಸಿ, ಪರೀಕ್ಷೆ ಮೊದಲು ಆಗಬೇಕಿತ್ತು.

ನಮ್ಮ ಸೀಮೆಗೆ ಇನ್ನೊಂದು ಮಾತಿದೆ. ಏಪ್ರಿಲ್ ಮೇ ತಿಂಗಳಲ್ಲಿ, ಪಾರಾ 40 ದಾಟಿದಾಗ, ಮಾಳಿಗೆ ಮಣ್ಣು ಒಣಗಿ ಗೋಡೆ ಕಾದಿರುವಾಗ, ಬಿರುಕು ಬಿಟ್ಟ ವೈರೂ ಪಾಸಾಗುತ್ತದೆ. ಬರೀ ತಾಮ್ರ ಒಣ ಗಾಳಿಯಲ್ಲಿ ತೂಗುತ್ತಿದ್ದರೂ ಮೆಗ್ಗರ್ ಅದನ್ನು ದೂರುವುದಿಲ್ಲ. ಅದೇ ಮನೆಯನ್ನು ಆಗಸ್ಟಿನಲ್ಲಿ ಎರಡು ದಿನ ಮಳೆ ಹಿಡಿದ ಮೇಲೆ ಅಳೆದರೆ ನಿಜ ಹೊರಬರುತ್ತದೆ. ಬೇಸಿಗೆಯಲ್ಲೇ ಮಾಡಬೇಕಾದರೆ ಮೀಟರನ್ನು ಅರ್ಧ ನಂಬಿ, ಪ್ರತಿ ಪಾಯಿಂಟಿನ ತುದಿಯನ್ನು ಬಗ್ಗಿಸಿ ಕಣ್ಣಲ್ಲೂ ನೋಡಿ.

ಲಿವರ್ ಕನೆಕ್ಟರ್

ಈ ಪಟ್ಟಿಯಲ್ಲಿ ಕಣ್ಣುಮುಚ್ಚಿ ದುಡ್ಡು ಹಾಕಬಹುದಾದ ವಸ್ತು ಇದೇ. ವ್ಯಾಗೋ 221 ಸರಣಿಯ ಚಿಕ್ಕ ಕನೆಕ್ಟರು, ಪಾರದರ್ಶಕ ಮೈ, ಕಿತ್ತಳೆ ಬಣ್ಣದ ಲಿವರು. 4 ಚದರ ಮಿ.ಮೀ ವರೆಗಿನ ತಾಮ್ರ ಹಿಡಿಯುತ್ತದೆ, 32 ಆಂಪಿನ ಗುರುತು. ಹಳೇ ಮನೆಯಲ್ಲಿ ಇದರ ಬೆಲೆ ಗೊತ್ತಾಗುವುದು ಒಂದು ಕಾರಣಕ್ಕೆ. ಹೊಸ ಲೈಟಿನ ವೈರು ನೂಲಿನಂಥ ಸಣ್ಣ ಎಳೆಗಳದು, ಹಳೇ ವೈರು ಒಂದೇ ಎಳೆಯ ಗಟ್ಟಿ 1/18. ಇವೆರಡನ್ನು ಹೊಸೆದರೆ ಎಳೆಗಳು ಗಟ್ಟಿ ತಂತಿಯ ಸುತ್ತ ಬಳ್ಳಿಯಂತೆ ಸುತ್ತಿಕೊಳ್ಳುತ್ತವೆಯೇ ಹೊರತು ಗಟ್ಟಿ ತಂತಿ ಬಗ್ಗುವುದಿಲ್ಲ. ಎಳೆದರೆ ಜಾರುತ್ತದೆ. ಮೇಲೆ ಸುತ್ತಿದ ಕಪ್ಪು ಟೇಪು ನಮ್ಮ ಎರಡು ಬೇಸಿಗೆಯಲ್ಲಿ ಅಂಟು ಬಿಟ್ಟು ಜೋತುಬೀಳುತ್ತದೆ. ಲಿವರ್ ಕನೆಕ್ಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗು, ಒಂದರ ದಪ್ಪ ಇನ್ನೊಂದಕ್ಕೆ ಅಡ್ಡಿಯಿಲ್ಲ.

ಕೂರಿಸುವ ರೀತಿ: ಬಿಸ್ಕತ್ತಾದ ತುದಿಯನ್ನು ಮೆತ್ತಗಿನ ಹೊದಿಕೆ ಸಿಗುವವರೆಗೆ ಕತ್ತರಿಸಿ. ವೈರು ಗಿಡ್ಡವಾದರೆ ಹೊಸ ತುಂಡು ಇನ್ನೊಂದು ಕನೆಕ್ಟರಿನಿಂದ ಸೇರಿಸಿ. 11 ಮಿ.ಮೀ ಸುಲಿಯಿರಿ, ಅಳತೆ ಕನೆಕ್ಟರಿನ ಮೈಮೇಲೇ ಅಚ್ಚಾಗಿದೆ. ತಾಮ್ರ ಕಪ್ಪಗಿದ್ದರೆ ಸಣ್ಣ ಎಮರಿ ಹಾಳೆಯಲ್ಲಿ ಕೆಂಪಾಗುವವರೆಗೆ ಉಜ್ಜಿ. ಲಿವರ್ ಎತ್ತಿ, ತುದಿಯನ್ನು ಕನೆಕ್ಟರಿನ ಒಳಗೋಡೆ ಮುಟ್ಟುವವರೆಗೆ ತಳ್ಳಿ, ಲಿವರ್ ಒತ್ತಿ. ಪಾರದರ್ಶಕ ಮೈಯಿಂದ ತಾಮ್ರ ಕೊನೆತನಕ ಹೋಗಿದೆಯೇ ನೋಡಿ, ಒಮ್ಮೆ ಜಗ್ಗಿ. ಹೊರಗೆ ತಾಮ್ರ ಇಣುಕುತ್ತಿದ್ದರೆ ಬಿಚ್ಚಿ ಒಂದೆರಡು ಮಿಲಿಮೀಟರ್ ಕತ್ತರಿಸಿ.

ಅಲ್ಯೂಮಿನಿಯಂ ವೈರಿಗೆ ಇದನ್ನು ಹಾಗೇ ಹಾಕಬೇಡಿ. ಅಲ್ಯೂಮಿನಿಯಂ ಮೇಲೆ ಗಾಳಿ ತಾಕಿದ ಕ್ಷಣ ಕರೆಂಟ್ ಬಿಡದ ಪದರ ಕಟ್ಟುತ್ತದೆ, ಒತ್ತಡಕ್ಕೆ ಲೋಹ ನಿಧಾನ ಚಪ್ಪಟೆಯಾಗಿ ಸಡಿಲಾಗುತ್ತದೆ, ತಾಮ್ರದ ಜೊತೆ ತೇವ ಸೇರಿದರೆ ತಿಂದುಹೋಗುತ್ತದೆ. ಆ ಸಾಲನ್ನೇ 1.5 ಚದರ ಮಿ.ಮೀ ತಾಮ್ರಕ್ಕೆ ಬದಲಿಸುವುದು ನೆಟ್ಟಗಿನ ದಾರಿ. ಹಳೇ ವೈರನ್ನೇ ಹಗ್ಗ ಮಾಡಿಕೊಂಡು ಪೈಪಿನಲ್ಲಿ ಹೊಸದನ್ನು ಎಳೆಯಬಹುದು, ಆಗ ಹಸಿರು ವೈರೂ ಜೊತೆಗೇ ಎಳೆಯಿರಿ. ನಕಲಿ ಕನೆಕ್ಟರುಗಳ ಕಾಟವೂ ಇದೆ. ಮೈಮೇಲೆ ಹೆಸರು, ಆಂಪು, ಅಳತೆ ಅಚ್ಚಿಲ್ಲದ್ದು, ಹತ್ತು ಸಲ ಎತ್ತಿ ಒತ್ತಿದಾಗ ಲಿವರ್ ಲೊಳಲೊಳ ಅನ್ನುವುದು ಬೇಡ.

ಇನ್ನು ಲೈಟುಗಳು

ಅರ್ಥ್ ವೈರಿಲ್ಲದ ಮನೆಯಲ್ಲಿ ಲೈಟಿನ ಡಬ್ಬಿ ತಿರುಗಿಸಿ ಹುಡುಕಬೇಕಾದ ಗುರುತು ಒಂದೇ: ಒಂದರೊಳಗೊಂದು ಎರಡು ಚೌಕ. ಅದು ಕ್ಲಾಸ್ 2, ಎರಡು ಪದರದ ಇನ್ಸುಲೇಷನ್, ಅರ್ಥ್ ಬೇಡ. ಒಳಗೆ ಹಸಿರು ವೈರೋ ಅರ್ಥ್ ಗುರುತಿನ ಸ್ಕ್ರೂವೋ ಇದ್ದರೆ ಅದು ಕ್ಲಾಸ್ 1, ಅರ್ಥ್ ಇಲ್ಲದೆ ಹಾಕಲೇಬಾರದು. "ಹಸಿರು ಕತ್ತರಿಸಿ ಬಿಡ್ರಿ, ಏನಾಗಲ್ಲ" ಅನ್ನುವ ಸಲಹೆ ಊರಲ್ಲೆಲ್ಲ ಪುಕ್ಕಟೆ ಸಿಗುತ್ತದೆ. ಲೋಹದ ಮೈಯೊಳಗೆ ಒಂದು ವೈರು ಉಜ್ಜಿ ಸುಲಿದರೆ ಧೂಳು ಒರೆಸಲು ಕೈ ಹಾಕಿದವರಿಗೆ ಅದರ ಉತ್ತರ ಸಿಗುತ್ತದೆ.

20 ವ್ಯಾಟಿನ ಪ್ಲಾಸ್ಟಿಕ್ ಮೈಯ ಎಲ್‌ಇಡಿ ಬ್ಯಾಟನ್‌ಗೆ ಈ ಮನೆಗಳಲ್ಲಿ ಮೊದಲ ಸ್ಥಾನ. ಹಗುರ, ಎರಡೇ ವೈರು, ಹಳೇ ಟ್ಯೂಬ್ ಪಟ್ಟಿಯ ಜಾಗದಲ್ಲೇ ಕೂರುತ್ತದೆ, ಚೋಕ್ ಸೇರಿ 50 ವ್ಯಾಟಿಗೂ ಮೇಲೆ ತಿನ್ನುತ್ತಿದ್ದದ್ದು ಹೋಗಿ 20ಕ್ಕೆ ಬರುತ್ತದೆ. ಹಳೇ ಪಟ್ಟಿ ಉಳಿಸಿಕೊಂಡು ಎಲ್‌ಇಡಿ ಟ್ಯೂಬು ಮಾತ್ರ ಸಿಕ್ಕಿಸುವ ಉಳಿತಾಯ ನಮಗೆ ಹಿಡಿಸದು. ಕೆಲವು ಟ್ಯೂಬಿಗೆ ಒಂದೇ ತುದಿಯಲ್ಲಿ ಕರೆಂಟು, ಕೆಲವಕ್ಕೆ ಎರಡೂ ತುದಿಯಲ್ಲಿ. ಮುಂದೆ ಟ್ಯೂಬು ಬದಲಿಸುವವನಿಗೆ ಒಳಗೆ ಹೇಗೆ ಜೋಡಿಸಿದೆ ಅಂತ ತಿಳಿಯುವ ಬಗೆಯೇ ಇಲ್ಲ.

ಪಿನ್ನಿನ ಬಲ್ಬು ಎಲ್ಲಿ ಬೇಕಾದರೂ ಸರಿ. ಹೊಸ ಬಲ್ಬು ಮಿಟುಕಿದರೆ ವೈರಿಂಗ್ ಬಿಡಿ, ಹೋಲ್ಡರಿನ ಒಳಗಿನ ಎರಡು ಸ್ಪ್ರಿಂಗ್ ಮೊಳೆ ಒತ್ತಿ ನೋಡಿ. ಒತ್ತಿದ್ದು ಮೇಲೆ ಬರದಿದ್ದರೆ ಹೋಲ್ಡರ್ ಬದಲಿಸಿ. ಮುಚ್ಚಿದ ಗಾಜಿನ ಗೋಳದೊಳಗೆ ಮಾತ್ರ ಎಲ್‌ಇಡಿ ಬೇಗ ಸಾಯುತ್ತದೆ. ಅದರ ಕೆಪಾಸಿಟರಿಗೆ ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ.

ಗೋಡೆ ಅಥವಾ ಛತ್ತಿನ ಮೇಲ್ಮೈಗೆ ಹೊಡೆಯುವ 15, 18 ವ್ಯಾಟಿನ ಪ್ಯಾನೆಲ್ಲಿನಲ್ಲಿ ಡ್ರೈವರ್ ಮೈಯೊಳಗೇ ಇರುವುದನ್ನು ಆರಿಸಿ. ಬೇರೆ ಡಬ್ಬಿಯ ಡ್ರೈವರ್ ಬಂದರೆ ಅದನ್ನಿಡಲು ಕಲ್ಲುಚಪ್ಪಡಿಯ ಛತ್ತಿನಲ್ಲಿ ಜಾಗ ಎಲ್ಲಿದೆ? ಹೂತು ಕೂರಿಸುವ ಡೌನ್‌ಲೈಟು ಫಾಲ್ಸ್ ಸೀಲಿಂಗ್ ಇರುವವರಿಗೆ ಮಾತ್ರ. ಬಿಸಿಲಿಗೆ ಕಾದ ಆರ್‌ಸಿಸಿ ಮತ್ತು ಪಿಒಪಿ ನಡುವಿನ ಇಕ್ಕಟ್ಟಿನಲ್ಲಿ ಡ್ರೈವರ್ ಬೇಯುತ್ತದೆ. ಡಬ್ಬಿಯ ಮೇಲೆ ಸುತ್ತಲಿನ ತಾಪ 45 ಡಿಗ್ರಿ ಅಂತ ಇದ್ದರೆ ಒಳ್ಳೆಯದು, 35 ಅಂತ ಇದ್ದರೆ ಅದು ಬೇರೆ ಊರಿನ ಲೈಟು.

ಮಗ್ಗುಲಲ್ಲೇ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಸ್ಥಾವರ ಇದೆ ಅಂತ ನಮ್ಮ ಬೋರ್ಡಿಗೆ ನೆಟ್ಟಗಿನ ವೋಲ್ಟೇಜು ಬರುತ್ತದೆ ಅನ್ನುವಂತಿಲ್ಲ. ಕಂಬದ ಮೇಲೆ ನ್ಯೂಟ್ರಲ್ ಸಡಿಲಾದರೆ ಒಂದು ಮನೆಗೆ 150, ಪಕ್ಕದ ಮನೆಗೆ 300 ವೋಲ್ಟ್. ಹಾಗಾಗಿ 100ರಿಂದ 300 ವೋಲ್ಟ್ ತಡೆಯುವ, ಸರ್ಜ್ 4 ಕಿಲೋವೋಲ್ಟ್ ಅಂತ ಬರೆದ ಲೈಟಿಗೆ ನಾಲ್ಕು ಕಾಸು ಹೆಚ್ಚು ಕೊಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ 'ಆರ್' ಸಂಖ್ಯೆ ಡಬ್ಬಿಯ ಮೇಲಿರಲಿ. ಒಂದು ಬಟನ್ ಹಾಕಿದಾಗ ಒಂದು ಕೋಣೆ ಮಂಕಾಗಿ ಇನ್ನೊಂದು ಕೋಣೆ ಹೊಳೆದರೆ ಮೇನ್ ಆಫ್ ಮಾಡಿ ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಹಚ್ಚಿ, ಅದು ಮನೆಯೊಳಗೆ ರಿಪೇರಿ ಆಗುವ ಕೆಲಸವಲ್ಲದಿರಬಹುದು.

ತೂಗುದೀಪದ ಆಸೆ ಇದ್ದವರು ಮೊದಲು ತಕ್ಕಡಿ ತನ್ನಿ. ಸೀಲಿಂಗ್ ರೋಸಿನಿಂದ ವೈರಿನ ಬಲದ ಮೇಲೇ ತೂಗುವುದಾದರೆ 0.5 ಚದರ ಮಿ.ಮೀ ವೈರಿಗೆ 2 ಕೆಜಿ, 0.75ಕ್ಕೆ 3 ಕೆಜಿ ಮಿತಿ. ಅದಕ್ಕೂ ಮೇಲಿನದಕ್ಕೆ ಸರಪಳಿ ಮತ್ತು ಫ್ಯಾನಿನ ಕೊಂಡಿ ಬೇಕು. ಮಾಳಿಗೆ ಮನೆಯಲ್ಲಾದರೆ ಜಂತಿಗಲ್ಲ, ತೊಲೆಗೆ ಕೊಂಡಿ. ಲೋಹದ್ದಾದ್ದರಿಂದ ಅರ್ಥೂ ಬೇಕು.

ಸ್ಮಾರ್ಟ್ ಸ್ವಿಚ್ಚು ಕೊಳ್ಳುವ ಮುಂಚೆ ಬೋರ್ಡು ಬಿಚ್ಚಿ ನ್ಯೂಟ್ರಲ್ ಇದೆಯೇ ನೋಡಿ. ಸಾಕೆಟ್ ಇಲ್ಲದ ಹಳೇ ಬೋರ್ಡಿನಲ್ಲಿ ಅದು ಇರುವುದು ಅಪರೂಪ, ಛತ್ತಿನಿಂದಲೇ ಹಾದುಹೋಗಿರುತ್ತದೆ. ಸ್ಮಾರ್ಟ್ ಬಲ್ಬು ತೊಂದರೆಯಿಲ್ಲ.

ಲೈಟಿನ ಸರ್ಕ್ಯೂಟಿಗೆ 6 ಆಂಪಿನ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಹಾಕಿ, ಒಂದೇ ಬಟನ್ನಿಗೆ ಹತ್ತಾರು ಎಲ್‌ಇಡಿ ಇದ್ದರೆ ಸಿ ಕರ್ವ್, ಅಂದರೆ ಆನ್ ಮಾಡಿದ ಕ್ಷಣದ ಎಳೆತಕ್ಕೆ ಬೀಳದ ಬಗೆ. ಕಿಟ್‌ಕ್ಯಾಟ್ ಫ್ಯೂಸೇ ಇರಲಿ ಅನ್ನುವವರು 5 ಆಂಪಿನ ಫ್ಯೂಸ್ ತಂತಿ, ಅಂದರೆ 0.2 ಮಿ.ಮೀ ದಪ್ಪದ್ದೇ ಕಟ್ಟಬೇಕು. ಮೂರು ಎಳೆ ತಾಮ್ರ ಹೊಸೆದು ಕಟ್ಟಿದ ಫ್ಯೂಸು ಮನೆ ಸುಟ್ಟರೂ ಸುಡುವುದಿಲ್ಲ. ಅರ್ಥ್ ಸುಸ್ಥಿತಿಯಲ್ಲಿಲ್ಲದ ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಮೊದಲ ಖರ್ಚು, ಲೈಟು ಆಮೇಲೆ. ಎರಡು ಸರ್ಕ್ಯೂಟಿನ ನ್ಯೂಟ್ರಲ್ ಒಂದಾಗಿದ್ದರೆ ಅದು ಪದೇ ಪದೇ ಬೀಳುತ್ತದೆ. ಆಗ "ಇದು ಹಾಳಾದ್ದು" ಅಂತ ತೆಗೆಸುವ ಬದಲು ನ್ಯೂಟ್ರಲ್ ಬೇರೆ ಮಾಡಿಸಿ.

ಕೊನೆಗೆ ಅರ್ಥ್ ಗುಂಡಿ. ಎರೆಮಣ್ಣು ಹಸಿಯಾಗಿದ್ದಾಗ ಅರ್ಥಿಂಗಿಗೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಅಂಗೈ ಅಗಲ ಬಿರಿದು ಪೈಪಿನಿಂದ ದೂರ ಸರಿಯುತ್ತದೆ, ಪೈಪು ಗಾಳಿಯಲ್ಲಿ ನಿಂತಂತಾಗುತ್ತದೆ. ಗಂಗಾವತಿ, ಆನೆಗೊಂದಿ ಕಡೆಯ ಬಂಡೆ ನೆಲದಲ್ಲಿ ತೊಂದರೆಯೇ ಬೇರೆ, ಎರಡೂವರೆ ಮೀಟರ್ ಪೈಪು ಇಳಿಸಲು ಮಣ್ಣೇ ಸಿಗದು, ಅಡ್ಡಕ್ಕೆ ಪಟ್ಟಿ ಹೂಳಬೇಕು. ಎರೆ ನೆಲದವರು ಗುಂಡಿಯ ಬಾಯಲ್ಲಿ ಒಂದು ಕೊಳವೆ ಇಟ್ಟು, ಯುಗಾದಿಯಿಂದ ಮುಂಗಾರಿನವರೆಗೆ ವಾರಕ್ಕೆರಡು ಕೊಡ ನೀರು ಹಾಕಿ. ಮೀಟರ್ ಹತ್ತಿರದ ಅರ್ಥ್ ನಟ್ಟು ತುಕ್ಕು ಹಿಡಿದಿದ್ದರೆ ಬಿಚ್ಚಿ ಉಜ್ಜಿ ಬಿಗಿ ಮಾಡಿ. ನೀರು ಹಾಕುವ ಮುಂಚೆ ಒಮ್ಮೆ, ಮರುದಿನ ಒಮ್ಮೆ ಅದೇ 100 ವ್ಯಾಟಿನ ಬಲ್ಬಿನ ಪರೀಕ್ಷೆ ಮಾಡಿಸಿ ಎರಡೂ ಓದನ್ನು ಫ್ಯೂಸ್ ಬೋರ್ಡಿನ ಬಾಗಿಲ ಒಳಗೆ ತಾರೀಖಿನ ಸಮೇತ ಬರೆದಿಡಿ. ನೀರು ಕುಡಿದ ಮೇಲೂ ಹತ್ತು ವೋಲ್ಟಿಗಿಂತ ಹೆಚ್ಚು ಬೀಳುತ್ತಿದ್ದರೆ ತೂಗುದೀಪದ ದುಡ್ಡನ್ನು ಹೊಸ ಗುಂಡಿಗೆ ಎತ್ತಿಡಿ.